ಮಾಜಿ ಸೈನಿಕ ಮೀಸಲಾತಿ: ಯಾವ ಅರ್ಜಿಗೆ ಎಷ್ಟು ಬೆಲೆ?

ಪ್ರಶ್ನೆ

ನನ್ನ ತಮ್ಮ ಸೇನೆಯಲ್ಲಿ ಹವಾಲ್ದಾರ್. ವಯಸ್ಸು 37, ಸೇವೆ 17 ವರ್ಷ. ಇನ್ನು 8 ತಿಂಗಳಿಗೆ ಪೆನ್ಷನ್ ಮೇಲೆ ಊರಿಗೆ ಬರುತ್ತಾನೆ. ಓದಿದ್ದು ಪಿಯುಸಿ, ನಾವು 2ಎ. ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ), ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ಆಯ್ಕೆ ಆಯೋಗ), ಬ್ಯಾಂಕ್, ರೈಲ್ವೆ ಎಲ್ಲದರಲ್ಲೂ ಮಾಜಿ ಸೈನಿಕರಿಗೆ ಮೀಸಲಾತಿ ಇದೆ ಅನ್ನುತ್ತಾರೆ. ಎಲ್ಲಿ ನಿಜವಾಗಿ ಅನುಕೂಲ ಅಂತ ಅಳೆಯುವುದು ಹೇಗೆ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಅಕ್ಕಾ, ಮೊದಲು ಶೇಕಡಾವಾರು ಲೆಕ್ಕ ಬಿಡಿಸಿಕೊಳ್ಳಿ. ಕೇಂದ್ರ ಸರ್ಕಾರದ ಸಿ ಗುಂಪಿನ (ಕ್ಲರ್ಕ್ ಮುಂತಾದ) ಹುದ್ದೆಗಳಲ್ಲಿ ಶೇ. 10. ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿ ಕ್ಲರ್ಕ್ ಹುದ್ದೆಗೆ ಶೇ. 14.5 ಎಂದು ಕಾಣುತ್ತದೆ. ಆದರೆ ಅದರೊಳಗೆ ಶೇ. 4.5 ಇರುವುದು ಅಂಗವಿಕಲರಾದ ಮಾಜಿ ಸೈನಿಕರಿಗೆ ಮತ್ತು ಕಾರ್ಯಾಚರಣೆಯಲ್ಲಿ ಮಡಿದವರ ಅವಲಂಬಿತರಿಗೆ. ಹಾಗಾಗಿ ಆರೋಗ್ಯವಾಗಿ ನಿವೃತ್ತನಾಗುವ ನಿಮ್ಮ ತಮ್ಮನಿಗೆ ಬ್ಯಾಂಕಿನಲ್ಲೂ ಉಳಿಯುವುದು ಶೇ. 10. ರೈಲ್ವೆಯ ಲೆವೆಲ್ 1 (ಎಲ್ಲಕ್ಕಿಂತ ಕೆಳಗಿನ ವೇತನ ಹಂತದ) ಹುದ್ದೆಗಳಲ್ಲಿ ಶೇ. 20 ಇದೆ. ಅಲ್ಲಿ ಅಧಿಸೂಚನೆಯೂ ದೊಡ್ಡದಾಗಿ ಬರುತ್ತದೆ, ಸೀಟುಗಳೂ ಹೆಚ್ಚು. ಆದರೆ ಅದು ಟ್ರ್ಯಾಕ್ ಮೇಲಿನ, ಡಿಪೋದೊಳಗಿನ ಮೈಮುರಿಯುವ ಕೆಲಸ ಎಂಬುದು ನೆನಪಿರಲಿ.

ವಯಸ್ಸಿನ ಚಿಂತೆ ಬೇಡ. ಕೇಂದ್ರದಲ್ಲಿ ಈಗಿನ ವಯಸ್ಸಿನಿಂದ ಸೇವೆಯ ವರ್ಷಗಳನ್ನು ಕಳೆಯುತ್ತಾರೆ: 37ರಲ್ಲಿ 17 ಹೋದರೆ 20. ಹೀಗೆ ಬಂದ ಸಂಖ್ಯೆ ಗರಿಷ್ಠ ಮಿತಿಗಿಂತ 3 ವರ್ಷಕ್ಕಿಂತ ಹೆಚ್ಚು ದಾಟಬಾರದು, ಅಷ್ಟೇ. ರಾಜ್ಯದಲ್ಲಿ ಮಿತಿಗೆ ಸೇವೆಯ ವರ್ಷಗಳನ್ನೂ ಮೇಲೆ 3 ವರ್ಷವನ್ನೂ ಕೂಡಿಸುತ್ತಾರೆ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಆದರೆ ಶೇಕಡಾವಾರಿಗಿಂತ ವರ್ಗೀಕರಣ ಪಟ್ಟಿ, ಅಂದರೆ ಯಾವ ವರ್ಗಕ್ಕೆ ಎಷ್ಟು ಹುದ್ದೆ ಎಂದು ಅಧಿಸೂಚನೆಯಲ್ಲಿ ಕೊಡುವ ಪಟ್ಟಿ ಮುಖ್ಯ. ಕರ್ನಾಟಕದಲ್ಲೂ ಮಾಜಿ ಸೈನಿಕರಿಗೆ ಶೇ. 10 ಇದೆ. ಅದು ಸಮತಲ ಮೀಸಲಾತಿ, ಅಂದರೆ ಸಾಮಾನ್ಯ, 2ಎ, 3ಬಿ, ಪರಿಶಿಷ್ಟ ಎಂಬ ಪ್ರತಿ ವರ್ಗದ ಒಳಗೇ ಹಂಚಿಕೆಯಾಗುತ್ತದೆ. 2ಎಗೆ ಇರುವುದೇ 4 ಹುದ್ದೆ ಅಂದರೆ ಶೇ. 10ಕ್ಕೆ ಅರ್ಧ ಹುದ್ದೆಯೂ ಬರುವುದಿಲ್ಲ. ಸಣ್ಣ ಇಲಾಖೆಗಳ, ಜಿಲ್ಲಾವಾರು ಅಧಿಸೂಚನೆಗಳಲ್ಲಿ ಮಾಜಿ ಸೈನಿಕರ ಕಾಲಂನಲ್ಲಿ ಬರೀ ಗೆರೆ ಎಳೆದಿರುವುದು ಇದೇ ಕಾರಣಕ್ಕೆ. ಶುಲ್ಕ ಕಟ್ಟುವ ಮೊದಲು ಆ ಕಾಲಂ ನೋಡಿ.

ಇನ್ನು ಆಯ್ಕೆಯ ಕ್ರಮ. 2ಎಗೆ 20 ಹುದ್ದೆ, ಅದರಲ್ಲಿ 2 ಮಾಜಿ ಸೈನಿಕರಿಗೆ ಎಂದುಕೊಳ್ಳಿ. ಸುಪ್ರೀಂ ಕೋರ್ಟ್ 2007ರಲ್ಲಿ ರಾಜೇಶ್ ಕುಮಾರ್ ದರಿಯಾ ಪ್ರಕರಣದಲ್ಲಿ ವಿವರಿಸಿದಂತೆ ಮೊದಲು ಅಂಕಗಳ ಮೇಲೆ 20 ಜನರ ಪಟ್ಟಿ ಮಾಡಬೇಕು. ಅದರಲ್ಲಿ ಒಬ್ಬ ಮಾಜಿ ಸೈನಿಕ ಆಗಲೇ ಇದ್ದರೆ ಕೆಳಗಿನಿಂದ ಇನ್ನೊಬ್ಬನನ್ನು ಮಾತ್ರ ಮೇಲೆ ತರುತ್ತಾರೆ. ಇಬ್ಬರಿದ್ದರೆ ಯಾರನ್ನೂ ತರುವುದಿಲ್ಲ. ‘ನಮ್ಮ ಕೋಟಾ ಬೇರೆ, ಮೆರಿಟ್‌ನವರು ಬೇರೆ’ ಎಂಬ ಭಾವನೆಯಿಂದ ಬಹಳ ಮಂದಿ ಮೋಸ ಹೋಗುತ್ತಾರೆ. 2020ರ ಸೌರವ್ ಯಾದವ್ ತೀರ್ಪು ನಿಮಗೆ ಅನುಕೂಲ: 2ಎ ಅಭ್ಯರ್ಥಿ ಅಂಕ ಸಾಕಷ್ಟಿದ್ದರೆ ಸಾಮಾನ್ಯ ವರ್ಗದ ಮಾಜಿ ಸೈನಿಕ ಹುದ್ದೆಗೂ ಪರಿಗಣನೆಗೆ ಬರಬೇಕು.

ಕೆಪಿಎಸ್‌ಸಿಯಲ್ಲಿ ಬೀಳುವುದು ಹೆಚ್ಚಾಗಿ ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ. 150ಕ್ಕೆ ಕನಿಷ್ಠ 50 ಬೇಕು. ಆ ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಆದರೆ 49 ಬಂದರೂ ಹೊರಗೆ. ಹದಿನೇಳು ವರ್ಷ ಹಿಂದಿಯಲ್ಲೇ ವ್ಯವಹರಿಸಿದವರಿಗೆ ಬರವಣಿಗೆಯ ಕೈ ತಪ್ಪಿರುತ್ತದೆ. ಈಗಿನಿಂದಲೇ ದಿನಾ ಒಂದು ಪತ್ರ, ಒಂದು ಪ್ರಬಂಧ ಬರೆಸಿ.

ಉತ್ತರ 3

ಎಲ್ಲರೂ ಮರೆಯುವ ಒಂದು ವಿಷಯ. ಕೇಂದ್ರದ ನಿಯಮದಂತೆ ಈ ಮೀಸಲಾತಿ ಒಮ್ಮೆ ಮಾತ್ರ. ಮಾಜಿ ಸೈನಿಕ ಕೋಟಾದಲ್ಲಿ ಒಂದು ಸರ್ಕಾರಿ ಕೆಲಸಕ್ಕೆ ಸೇರಿದ ಮೇಲೆ ಮುಂದಿನ ಕೆಲಸಕ್ಕೆ ಕೋಟಾ ಇಲ್ಲ. ಸಿ ಗುಂಪಿನೊಳಗೇ ಮೇಲ್ದರ್ಜೆಯ ಹುದ್ದೆಗೆ ವಯೋಮಿತಿ ಸಡಿಲಿಕೆ ಮಾತ್ರ ಉಳಿಯುತ್ತದೆ. ಆದ್ದರಿಂದ ಸಿಕ್ಕಿದ್ದಕ್ಕೆ ಸೇರಿ ಆಮೇಲೆ ಒಳ್ಳೆಯದಕ್ಕೆ ಓದುತ್ತೇನೆ ಅನ್ನುವ ಯೋಚನೆ ದುಬಾರಿ.

ಇದಕ್ಕೊಂದು ದಾರಿ ಇದೆ. 14 ಆಗಸ್ಟ್ 2014ರ ಕೇಂದ್ರ ಸಿಬ್ಬಂದಿ ಇಲಾಖೆಯ ಸುತ್ತೋಲೆ ಪ್ರಕಾರ, ಮೊದಲ ಕೆಲಸಕ್ಕೆ ಸೇರುವ ಮುಂಚೆಯೇ ಬೇರೆಡೆ ಅರ್ಜಿ ಹಾಕಿದ್ದರೆ ಆ ಅರ್ಜಿಗಳಿಗೆ ಕೋಟಾ ಉಳಿಯುತ್ತದೆ. ಷರತ್ತು ಏನೆಂದರೆ, ಸೇರಿದ ಕೂಡಲೇ ಯಾವ ದಿನ ಯಾವ ಹುದ್ದೆಗೆ ಅರ್ಜಿ ಹಾಕಿದ್ದೇನೆ ಎಂಬ ಸ್ವಯಂ ಘೋಷಣೆಯನ್ನು ಕಚೇರಿಗೆ ಕೊಡಬೇಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಮೊಹರು, ತಾರೀಕು ಹಾಕಿಸಿಕೊಳ್ಳಿ. ಇದಿಲ್ಲದೆ ಎರಡನೇ ಕೆಲಸದ ದಾಖಲೆ ಪರಿಶೀಲನೆಯಲ್ಲಿ ವಾದ ನಿಲ್ಲುವುದಿಲ್ಲ. ಖಾಸಗಿ ಕಂಪನಿಯ ಕೆಲಸ, ಗುತ್ತಿಗೆಯ ಕೆಲಸ ಮಾಡಿದರೆ ಕೋಟಾ ಖರ್ಚಾಗುವುದಿಲ್ಲ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ. ಪದವಿ ಬೇಕು ಅನ್ನುವ ಹುದ್ದೆಗಳನ್ನು ಬಿಟ್ಟುಬಿಡಬೇಕೇ? ಈಗಲೇ ಅರ್ಜಿ ಹಾಕಬಹುದೇ?

ಉತ್ತರ 4

ಬಿಡಬೇಡಿ. ಎಸ್‌ಎಸ್‌ಎಲ್‌ಸಿ ಪಾಸಾಗಿ 15 ವರ್ಷ ಸೇವೆ ಮುಗಿಸಿದವರನ್ನು ಕೇಂದ್ರದ ಸಿ ಗುಂಪಿನಲ್ಲಿ ತಾಂತ್ರಿಕ ಅನುಭವ ಕೇಳದ ಹುದ್ದೆಗಳಿಗೆ ಪದವೀಧರರಂತೆ ಪರಿಗಣಿಸುತ್ತಾರೆ. ಸೇನೆಯ ಶಿಕ್ಷಣ ಪ್ರಮಾಣಪತ್ರ ಜೊತೆಗಿರಬೇಕು. ರಾಜ್ಯದ ಹುದ್ದೆಗಳಿಗೆ ಇದನ್ನೇ ನಂಬಿ ಕೂರಬೇಡಿ, ಅಧಿಸೂಚನೆಯಲ್ಲಿ ಬರೆದಿದ್ದರೆ ಮಾತ್ರ ಹಾಕಿ. ನಿವೃತ್ತಿಗೆ ಒಂದು ವರ್ಷದೊಳಗೆ ಇರುವವರು ಕೇಂದ್ರದ ಹುದ್ದೆಗಳಿಗೆ ಅರ್ಜಿ ಹಾಕಬಹುದು, ಹಾಗಾಗಿ ಈ 8 ತಿಂಗಳು ಚಿನ್ನದಂಥ ಸಮಯ. ಯೂನಿಟ್‌ನಿಂದ ನಿರಾಕ್ಷೇಪಣಾ ಪತ್ರ ತೆಗೆದುಕೊಳ್ಳಲಿ.

ಸಂಬಳವನ್ನೂ ತೂಗಿ ನೋಡಿ. ಕೇಂದ್ರ ಕಚೇರಿಗಳಲ್ಲಿ ಹವಾಲ್ದಾರ್ ದರ್ಜೆಯವರ ಪೆನ್ಷನ್ ಪೂರ್ತಿ ಕೈಗೆ ಬರುತ್ತದೆ, ಆದರೆ ಮೂಲವೇತನ ಹೊಸಬರಷ್ಟೇ. ಲೆವೆಲ್ 2 ಆದರೆ ತಿಂಗಳಿಗೆ 19,900 ರೂಪಾಯಿ. ಬ್ಯಾಂಕುಗಳಲ್ಲಿ ಸೇನೆಯಲ್ಲಿ ಕೊನೆಗೆ ಪಡೆದ ಸಂಬಳ ನೋಡಿ ವೇತನ ನಿಗದಿ ಮಾಡುವ ಪದ್ಧತಿ ಇದೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ತಮ್ಮನಿಗೆ ಬ್ಯಾಂಕ್ ಕ್ಲರ್ಕ್ ಮೊದಲು, ಎಸ್‌ಎಸ್‌ಸಿ ಆಮೇಲೆ. ಎಸ್‌ಎಸ್‌ಸಿಯ ಕ್ಲರ್ಕ್ ಹುದ್ದೆಗಳಲ್ಲಿ ಟೈಪಿಂಗ್ ಪರೀಕ್ಷೆ ಉಂಟು, ಕೀಬೋರ್ಡ್ ಅಭ್ಯಾಸ ಇವತ್ತೇ ಶುರುವಾಗಲಿ.

ಉತ್ತರ 5

ದಾಖಲೆಗಳ ಬಗ್ಗೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಸೇನೆಯ ದಾಖಲೆ ಮೂರರಲ್ಲೂ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಕು ಒಂದೇ ಇದೆಯೇ ನೋಡಿ. ಇನಿಷಿಯಲ್ ಒಂದು ಕಡೆ, ಪೂರ್ಣ ಹೆಸರು ಇನ್ನೊಂದು ಕಡೆ ಇದ್ದರೆ ಯೂನಿಟ್‌ನಲ್ಲಿ ಇರುವಾಗಲೇ ಸರಿಪಡಿಸಲಿ. ಡಿಸ್ಚಾರ್ಜ್ ಬುಕ್ (ಸೇವೆಯಿಂದ ಬಿಡುಗಡೆಯಾದ ದಾಖಲೆ) ಕೈಗೆ ಬಂದ ಮೇಲೆ ಸೇನೆಯ ರೆಕಾರ್ಡ್ಸ್ ಆಫೀಸಿಗೆ ಪತ್ರ ಬರೆದು ಕಾಯುವುದು ಬಹಳ ತಡ. 2ಎ ಪ್ರಮಾಣಪತ್ರ ಎರಡು ಬೇಕು: ಕೆಪಿಎಸ್‌ಸಿಗೆ ನಮೂನೆ ಎಫ್, ಕೇಂದ್ರಕ್ಕೆ ಒಬಿಸಿಯ ಬೇರೆ ನಮೂನೆ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಊರಿಗೆ ಬಂದ ವಾರವೇ ಡಿಸ್ಚಾರ್ಜ್ ಬುಕ್, ಪೆನ್ಷನ್ ಆದೇಶ, ಫೋಟೋ ಹಿಡಿದು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಗುರುತಿನ ಚೀಟಿಗೆ ಅರ್ಜಿ ಕೊಡಲಿ.