ಸುಮಾಳ ಪ್ರಶ್ನೆಗೆ ಉತ್ತರ: ಸೋರಿಯಾಸಿಸ್ ಯಾಕೆ ಬರುತ್ತದೆ, ಯಾವುದರಿಂದ ಕೆರಳುತ್ತದೆ

ಸುಮಾ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ ಸಂದೇಶವನ್ನು ಈಗ ಓದಿದೆ. ಅದರ ಕೆಳಗೆ ಸಾಲುಗಟ್ಟಿ ಬಂದ ಉತ್ತರಗಳನ್ನೂ ಓದಿದೆ. ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಟೈಪ್ ಮಾಡುತ್ತ ಕುಳಿತರೆ ಸಂಜೆಯಾದೀತು, ಅದಕ್ಕೆ ಮಾತಿನಲ್ಲೇ ಹೇಳುತ್ತೇನೆ. ಉದ್ದವಾಗುತ್ತದೆ, ಕೈಕೆಲಸ ಮಾಡಿಕೊಳ್ಳುತ್ತಲೇ ಎಲ್ಲರೂ ಕೇಳಿ.

ಸಂದೇಶ ನೋಡದವರಿಗಾಗಿ ಮೊದಲು ವಿಷಯ ಹೇಳಿಬಿಡುತ್ತೇನೆ. ಕಾರ್ತಿಕನಿಗೆ ಕಳೆದ ತಿಂಗಳು ಗಂಟಲುನೋವು, ಜ್ವರ ಬಂದು ಹೋಗಿತ್ತು. ಅದಾಗಿ ಎರಡು ಮೂರು ವಾರಕ್ಕೆ ಬೆನ್ನು, ಹೊಟ್ಟೆ, ತೋಳುಗಳ ಮೇಲೆ ಸಣ್ಣ ಸಣ್ಣ ಕೆಂಪು ಗುಳ್ಳೆಗಳಂಥ ಮಚ್ಚೆಗಳು ಎದ್ದಿವೆ, ಮೇಲೆ ತೆಳುವಾಗಿ ಹೊಟ್ಟು ಇದೆ. ಚರ್ಮದ ವೈದ್ಯರು ಸೋರಿಯಾಸಿಸ್ ಎಂದಿದ್ದಾರೆ. ಸುಮಾ ಕೇಳಿದ್ದು ಒಂದೇ ಮಾತು, ಇದು ಯಾಕೆ ಬಂತು ಎಂದು. ಅದಕ್ಕೆ ನಮ್ಮ ಗುಂಪು ಕೊಟ್ಟ ಉತ್ತರಗಳು: ರಕ್ತ ಕೆಟ್ಟಿದೆ, ತಾತನಿಂದ ಬಂದಿದೆ, ರಾತ್ರಿಯೆಲ್ಲ ಮೊಬೈಲ್ ನೋಡಿದ್ದರಿಂದ ಬಂದಿದೆ, ಸ್ನಾನ ಸರಿಯಾಗಿ ಮಾಡುತ್ತಿರಲಿಲ್ಲ. ಒಬ್ಬರಂತೂ ಅವನ ಟವೆಲ್, ಹಾಸಿಗೆ ಎಲ್ಲ ಬೇರೆ ಮಾಡಿ ಎಂದು ಬರೆದಿದ್ದಾರೆ. ಹೆಸರು ಹೇಳುವುದಿಲ್ಲ, ಅವರಿಗೇ ಗೊತ್ತು.

ಟವೆಲ್ ಮಾತನ್ನೇ ಮೊದಲು ಮುಗಿಸುತ್ತೇನೆ. ಸೋರಿಯಾಸಿಸ್ ಅಂಟುರೋಗ ಅಲ್ಲ. ಮುಟ್ಟಿದರೆ, ತಬ್ಬಿಕೊಂಡರೆ, ಪಕ್ಕದಲ್ಲಿ ಮಲಗಿದರೆ, ಅವನ ಅಂಗಿ ಹಾಕಿಕೊಂಡರೆ ಯಾರಿಗೂ ಬರುವುದಿಲ್ಲ. ಹತ್ತೊಂಬತ್ತರ ಹುಡುಗನ ಟವೆಲನ್ನು ಬೇರೆ ಮೂಲೆಗೆ ಹಾಕಿದರೆ ಅವನ ಚರ್ಮಕ್ಕೆ ಏನೂ ಲಾಭವಿಲ್ಲ, ಮನಸ್ಸಿಗೆ ಮಾತ್ರ ನೋವು. ಸ್ನಾನದ ಮಾತೂ ಅಷ್ಟೇ, ಇದು ಕೊಳೆಯಿಂದ ಬರುವ ಕಾಯಿಲೆ ಅಲ್ಲ. ಈ ಎರಡು ಮಾತು ಇನ್ನು ಈ ಗುಂಪಿನಲ್ಲಿ ಬರಬಾರದು.

ಚರ್ಮರೋಗ ವಿಭಾಗದಲ್ಲಿ ನರ್ಸ್ ಆಗಿ ನನ್ನ ಅರ್ಧ ಆಯುಸ್ಸು ಕಳೆದಿದೆ. ಅಲ್ಲಿಗೆ ಬರುವ ಪ್ರತಿಯೊಬ್ಬರೂ ಸುಮಾ ಕೇಳಿದ ಪ್ರಶ್ನೆಯನ್ನೇ ಕೇಳುತ್ತಿದ್ದರು, ಮತ್ತು ಬಹುತೇಕರು ಒಬ್ಬ ಅಪರಾಧಿಯನ್ನು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡೇ ಬರುತ್ತಿದ್ದರು. ಒಂದು ಊಟ, ಒಂದು ಸಾಬೂನು, ಒಂದು ಜಗಳ. ಆದರೆ ಕಾಯಿಲೆಯ ಮೂಲ ಒಂದು ಕಡೆ ಇರುತ್ತದೆ, ಅದನ್ನು ಕೆರಳಿಸುವ ಸಂಗತಿ ಇನ್ನೊಂದು ಕಡೆ ಇರುತ್ತದೆ. ಎರಡನ್ನೂ ಒಂದೇ ಎಂದುಕೊಂಡಾಗಲೇ ಮನೆಯಲ್ಲಿ ಒಬ್ಬರನ್ನೊಬ್ಬರು ದೂರುವುದು ಶುರುವಾಗುತ್ತದೆ.

ಮೂಲ ಇರುವುದು ನಮ್ಮ ರೋಗನಿರೋಧಕ ವ್ಯವಸ್ಥೆಯಲ್ಲಿ. ಸಾಮಾನ್ಯವಾಗಿ ಚರ್ಮದ ಕೆಳಪದರದಲ್ಲಿ ಹುಟ್ಟಿದ ಜೀವಕೋಶ ಮೇಲಕ್ಕೆ ಬಂದು ಉದುರಿ ಹೋಗಲು ಹೆಚ್ಚು ಕಡಿಮೆ ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್ ಇರುವ ಜಾಗದಲ್ಲಿ ಅದೇ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಸರದಿಯಲ್ಲಿ ನಿಂತವರನ್ನು ಹಿಂದಿನವರು ತಳ್ಳಿದ ಹಾಗೆ, ಬಲಿಯದ ಕೋಶಗಳು ಮೇಲೆ ಬಂದು ಒಂದರ ಮೇಲೊಂದು ಕೂರುತ್ತವೆ. ಬೆಳ್ಳಿ ಬಣ್ಣದ ಹೊಟ್ಟು ಎಂದು ನಾವು ನೋಡುವುದು ಅದನ್ನೇ. ಮೇಲೆ ಆ ಹೊಟ್ಟನ್ನು ಕೆರೆದು ತೆಗೆದರೆ ಕೆಳಗೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಕಾಣುತ್ತವೆ, ಯಾಕೆಂದರೆ ರಕ್ತನಾಳಗಳು ಹಿಗ್ಗಿ ಚರ್ಮದ ಮೇಲ್ಭಾಗಕ್ಕೆ ತೀರ ಹತ್ತಿರ ಬಂದಿರುತ್ತವೆ. ಕಾರ್ತಿಕ್, ನೀನು ಕೇಳಿಸಿಕೊಳ್ಳುತ್ತಿದ್ದರೆ, ಇದನ್ನು ಪರೀಕ್ಷೆ ಮಾಡಿ ನೋಡಲು ಹೋಗಬೇಡ. ಕೆರೆಯುವುದರಿಂದ ಏನಾಗುತ್ತದೆ ಎಂದು ಮುಂದೆ ಹೇಳುತ್ತೇನೆ.

ಹೀಗೆ ತಳ್ಳುವವರು ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳು ಮತ್ತು ಅವು ಹೊರಡಿಸುವ ರಾಸಾಯನಿಕ ಸಂಕೇತಗಳು. ಹಿಂದೆ ವೈದ್ಯರೂ ಇದನ್ನು ಬರೀ ಚರ್ಮದ ದೋಷ ಎಂದೇ ಭಾವಿಸಿದ್ದರು. 1979ರಲ್ಲಿ ಸೈಕ್ಲೋಸ್ಪೋರಿನ್ ಎಂಬ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯನ್ನು ಕೀಲುಗಳ ತೊಂದರೆ ಇದ್ದವರಿಗೆ ಕೊಟ್ಟು ನೋಡುತ್ತಿದ್ದಾಗ, ಅವರಲ್ಲಿ ಸೋರಿಯಾಸಿಸ್ ಇದ್ದವರ ಚರ್ಮ ತಿಳಿಯಾಗಿಬಿಟ್ಟಿತು. ಆಮೇಲೆ ನೋಟವೇ ಬದಲಾಯಿತು. ಇನ್ನೂ ಗಟ್ಟಿ ಸಾಕ್ಷಿ ಅಸ್ಥಿಮಜ್ಜೆಯ ಕಸಿಯಲ್ಲಿ ಸಿಕ್ಕಿದೆ: ಸೋರಿಯಾಸಿಸ್ ಇದ್ದ ದಾನಿಯ ಮಜ್ಜೆ ಪಡೆದ ಕೆಲವರಿಗೆ ಆ ಕಾಯಿಲೆ ಹೊಸದಾಗಿ ಕಾಣಿಸಿಕೊಂಡಿದೆ, ಕಾಯಿಲೆ ಇದ್ದ ಕೆಲವರಿಗೆ ಆರೋಗ್ಯವಂತರ ಮಜ್ಜೆ ಬಂದ ಮೇಲೆ ಅದು ಮಾಯವಾಗಿದೆ. ರಕ್ತ ಕೆಟ್ಟಿದೆ ಎಂದವರು ಇದನ್ನು ಕೇಳಿ ನಾನು ಹೇಳಿದ್ದೇ ಸರಿ ಎನ್ನಬೇಡಿ. ರಕ್ತ ಶುದ್ಧಿಯ ಕಷಾಯ ಕುಡಿದರೆ ಟಿ ಕೋಶಗಳು ಬುದ್ಧಿ ಕಲಿಯುವುದಿಲ್ಲ.

ಇನ್ನು ವಂಶದ ಮಾತು. ಚಿಕ್ಕಪ್ಪ, ನಿಮ್ಮ ಮೊಣಕೈಗಳಲ್ಲಿ ಇದು ವರ್ಷಗಳಿಂದ ಇದೆ, ಹಾಗಾಗಿ ನನ್ನಿಂದಲೇ ಮೊಮ್ಮಗನಿಗೆ ಬಂತು ಎಂದು ನೀವು ಬರೆದದ್ದು ನನಗೆ ಬೇಸರ ತಂದಿತು. ವಂಶವಾಹಿಗಳ ಪಾತ್ರ ಇದೆ, ಇಲ್ಲ ಎನ್ನುವುದಿಲ್ಲ. ಆರನೆಯ ವರ್ಣತಂತುವಿನಲ್ಲಿ ಎಚ್‌ಎಲ್‌ಎ-ಸಿ ಎಂಬ ವಂಶವಾಹಿಯ ಒಂದು ಬಗೆಗೂ, ಚಿಕ್ಕ ವಯಸ್ಸಿನಲ್ಲಿ ಬರುವ ಸೋರಿಯಾಸಿಸ್‌ಗೂ ಹತ್ತಿರದ ನಂಟಿದೆ. ಅದಲ್ಲದೆ ಇನ್ನೂ ಹತ್ತಾರು ವಂಶವಾಹಿಗಳು ಸ್ವಲ್ಪ ಸ್ವಲ್ಪ ಪಾಲು ಹಾಕುತ್ತವೆ. ಆದರೆ ಆ ಬಗೆಯ ವಂಶವಾಹಿ ಇರುವವರಲ್ಲಿ ಹೆಚ್ಚಿನವರಿಗೆ ಜೀವಮಾನವಿಡೀ ಸೋರಿಯಾಸಿಸ್ ಬರುವುದೇ ಇಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ, ಅಂದರೆ ವಂಶವಾಹಿಗಳು ಒಂದೇ ಆಗಿರುವಾಗಲೂ, ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದೇ ಇರುವುದುಂಟು. ಮನೆಯಲ್ಲಿ ಯಾರಿಗೂ ಇಲ್ಲದೆ ಒಬ್ಬರಿಗೇ ಬರುವುದೂ ಉಂಟು. ನೀವು ಕೊಟ್ಟಿದ್ದರೆ ಒಂದು ಒಲವನ್ನು ಕೊಟ್ಟಿರಬಹುದು, ಕಾಯಿಲೆಯನ್ನಲ್ಲ. ಮೂಗು, ಕಿವಿ, ಹಟ ಎಲ್ಲ ಹೀಗೆಯೇ ಬಂದಿದೆ, ಅದಕ್ಕೆ ಯಾರೂ ನಿಮ್ಮನ್ನು ದೂರಿಲ್ಲ.

ಕಾರ್ತಿಕನ ವಿಷಯದಲ್ಲಿ ಕೆರಳಿಸಿದ್ದು ಗಂಟಲಿನ ಸೋಂಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ಕೆಟ್ಟು ಎರಡು ಮೂರು ವಾರಕ್ಕೆ, ನೀರು ಚಿಮುಕಿಸಿದ ಹಾಗೆ ಮೈಮೇಲೆ ಹನಿಹನಿಯಾಗಿ ಎದ್ದರೆ ಅದು ಸೋರಿಯಾಸಿಸ್‌ನಲ್ಲೇ ಗಟೇಟ್ ಎಂಬ ಒಂದು ಬಗೆ. ಮಕ್ಕಳು ಮತ್ತು ಹದಿಹರೆಯದವರಲ್ಲಿ ಹೆಚ್ಚು. ಆ ಬ್ಯಾಕ್ಟೀರಿಯಾದ ಒಂದು ಪ್ರೋಟೀನು ನಮ್ಮ ಚರ್ಮದ ಕೆರಟಿನ್ ಅನ್ನು ಹೋಲುತ್ತದೆ, ಸೋಂಕಿನ ಮೇಲೆ ಎದ್ದ ಟಿ ಕೋಶಗಳು ಚರ್ಮದ ಮೇಲೂ ತಿರುಗಿ ಬೀಳುತ್ತವೆ ಎಂಬುದು ಸಂಶೋಧಕರ ವಿವರಣೆ. ಸಮಾಧಾನದ ಸಂಗತಿಯೆಂದರೆ ಈ ಬಗೆಯದು ಬಹಳ ಜನರಲ್ಲಿ ಕೆಲವು ವಾರ, ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕೆಲವರಲ್ಲಿ ಮುಂದೆ ದೊಡ್ಡ ಮಚ್ಚೆಗಳ ರೂಪದಲ್ಲಿ ಉಳಿಯಬಹುದು, ಅದನ್ನೂ ಮುಚ್ಚಿಡುವುದಿಲ್ಲ. ಸುಮಾ, ಮುಂದಿನ ಸಲ ಹೋದಾಗ ಗಂಟಲುನೋವಿನ ದಿನಾಂಕವನ್ನು ವೈದ್ಯರಿಗೆ ತಪ್ಪದೆ ಹೇಳು. ಸೋಂಕು ಇನ್ನೂ ಉಳಿದಿದೆಯೇ ಎಂದು ಅವರು ಗಂಟಲಿನ ಮಾದರಿ ತೆಗೆದು ನೋಡಬಹುದು. ಗಂಟಲು ಪದೇ ಪದೇ ಕೆಡುವ ಹುಡುಗನಾದರೆ ಅದೂ ಅವರಿಗೆ ತಿಳಿದಿರಬೇಕು.

ಈಗ ಕೆರೆಯುವ ವಿಷಯ. ನಮ್ಮ ವಿಭಾಗಕ್ಕೆ ಒಬ್ಬ ಹುಡುಗ ಬಂದಿದ್ದ, ಕಾರ್ತಿಕನಿಗಿಂತ ಸ್ವಲ್ಪ ದೊಡ್ಡವನು. ತಲೆಯಲ್ಲಿ ಒಂದಿಷ್ಟು ಹೊಟ್ಟು ಬಿಟ್ಟರೆ ಅವನಿಗೆ ಬೇರೆಲ್ಲೂ ಏನೂ ಇರಲಿಲ್ಲ. ಮುಂದೋಳಿನ ಮೇಲೆ ಹೆಸರೊಂದನ್ನು ಹಚ್ಚೆ ಹಾಕಿಸಿಕೊಂಡ. ಗಾಯ ಒಣಗಿತು, ಕೆಲವು ವಾರ ಕಳೆಯಿತು, ಆಮೇಲೆ ಅಕ್ಷರಗಳ ಗೆರೆಗುಂಟ ಸೋರಿಯಾಸಿಸ್ ಎದ್ದಿತು. ಒತ್ತು, ಕೊಂಬು ಎಲ್ಲ ಕಾಣುವ ಹಾಗೆ ಉಬ್ಬಿದ ಕೆಂಪು ಅಕ್ಷರಗಳು, ಮೇಲೆ ಬಿಳಿ ಪುಡಿ. ಅಕ್ಷರಗಳ ನಡುವಿನ ಚರ್ಮ ಮಾತ್ರ ನುಣ್ಣಗಿತ್ತು. ಯಾರ ಹೆಸರು ಎಂದು ಕೇಳಿದ್ದಕ್ಕೆ ತೋಳು ಮುಚ್ಚಿಕೊಂಡ, ಅದಿರಲಿ. ಚರ್ಮಕ್ಕೆ ಪೆಟ್ಟಾದ ಜಾಗದಲ್ಲೇ ಸೋರಿಯಾಸಿಸ್ ಹುಟ್ಟುವುದನ್ನು 19ನೇ ಶತಮಾನದಲ್ಲಿ ಹೈನ್ರಿಕ್ ಕೋಬ್ನರ್ ಎಂಬ ಜರ್ಮನ್ ವೈದ್ಯ ಗುರುತಿಸಿದ, ಇಂದಿಗೂ ಅದಕ್ಕೆ ಅವನದೇ ಹೆಸರು. ತರಚುಗಾಯ, ಶಸ್ತ್ರಚಿಕಿತ್ಸೆಯ ಹೊಲಿಗೆ, ಬಿಸಿಲಿಗೆ ಸುಟ್ಟ ಚರ್ಮ, ಬಿಗಿಯಾದ ಬೆಲ್ಟು, ಉಗುರಿನ ಗೀರು, ಯಾವುದೂ ಸಾಕು. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಕಾಯಿಲೆ ಕೆರಳಿರುವ ದಿನಗಳಲ್ಲಿ ಆಗುವ ಸಾಧ್ಯತೆ ಹೆಚ್ಚು. ಆದ್ದರಿಂದ ಕಾರ್ತಿಕ್, ಉಗುರು ಚಿಕ್ಕದಾಗಿ ಕತ್ತರಿಸಿಕೋ, ಸ್ನಾನದಲ್ಲಿ ಗಸಗಸ ಉಜ್ಜಬೇಡ, ಸ್ನಾನವಾದ ಕೂಡಲೇ ಮೈ ಹಸಿಯಿರುವಾಗಲೇ ವೈದ್ಯರು ಹೇಳಿದ ತೇವಕಾರಿ ಮುಲಾಮು ಹಚ್ಚಿಕೋ. ಒಣ ಚಳಿಯ ದಿನಗಳಲ್ಲಿ ಇದು ಇನ್ನೂ ಮುಖ್ಯ, ಆಗ ಬಹಳ ಜನರಿಗೆ ಹೆಚ್ಚಾಗುತ್ತದೆ.

ಚಿಕ್ಕಪ್ಪ, ಇದು ನಿಮಗೆ. ರಕ್ತದೊತ್ತಡದ ಮಾತ್ರೆ ಬದಲಾದ ಮೇಲೆ ಮೊಣಕೈಯದು ಮುಂದೋಳಿಗೂ ಹಬ್ಬಿದೆ, ಹಾಗಾಗಿ ನಾಳೆಯಿಂದ ಮಾತ್ರೆ ನಿಲ್ಲಿಸುತ್ತೇನೆ ಎಂದು ಬರೆದಿದ್ದೀರಿ. ನಿಮ್ಮ ಅನುಮಾನ ಸರಿಯಿರಬಹುದು, ನಿರ್ಧಾರ ಸರಿಯಿಲ್ಲ. ಬೀಟಾ ಬ್ಲಾಕರ್ ಎಂಬ ಗುಂಪಿನ ಮಾತ್ರೆಗಳು, ಅಂದರೆ ಪ್ರೊಪ್ರಾನೊಲಾಲ್, ಅಟೆನೊಲಾಲ್, ಮೆಟೊಪ್ರೊಲಾಲ್ ಇಂಥವು, ಕೆಲವರಲ್ಲಿ ಸೋರಿಯಾಸಿಸ್ ಕೆರಳಿಸುತ್ತವೆ. ಶುರು ಮಾಡಿದ ಕೂಡಲೇ ಆಗಬೇಕೆಂದಿಲ್ಲ, ತಿಂಗಳುಗಳ ನಂತರವೂ ಆಗಬಹುದು, ಅದಕ್ಕೇ ಯಾರಿಗೂ ಹೊಳೆಯುವುದಿಲ್ಲ. ಮನೋರೋಗಕ್ಕೆ ಕೊಡುವ ಲಿಥಿಯಂ, ಮಲೇರಿಯಾಕ್ಕೂ ಕೀಲುವಾತಕ್ಕೂ ಕೊಡುವ ಕ್ಲೋರೋಕ್ವಿನ್ ಬಳಗದ ಔಷಧಿಗಳಿಗೂ ಈ ಗುಣ ಇದೆ. ಆದರೆ ಬೀಟಾ ಬ್ಲಾಕರನ್ನು ಒಮ್ಮೆಲೇ ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ಚರ್ಮದ ಮಚ್ಚೆ ಕಾಯುತ್ತದೆ, ಹೃದಯ ಕಾಯುವುದಿಲ್ಲ. ಮಾತ್ರೆ ಬರೆದುಕೊಟ್ಟ ವೈದ್ಯರ ಬಳಿ ಹೋಗಿ ಚರ್ಮದ ವಿಷಯ ಹೇಳಿ, ಬೇರೆ ಗುಂಪಿನ ಮಾತ್ರೆ ಕೊಡಬಹುದೇ ಎಂದು ಕೇಳಿ. ಅಲ್ಲಿಯವರೆಗೆ ದಿನವೂ ತೆಗೆದುಕೊಳ್ಳಿ.

ಔಷಧಿಯ ಮಾತು ಬಂದಿರುವಾಗ ಇನ್ನೊಂದು, ಮತ್ತು ಇದನ್ನು ಹೇಳುವಾಗ ನನ್ನ ದನಿ ಏರಿದರೆ ತಪ್ಪು ತಿಳಿಯಬೇಡಿ. ಸ್ಟೀರಾಯ್ಡ್ ಮಾತ್ರೆ ಅಥವಾ ಚುಚ್ಚುಮದ್ದು. ನಾಲ್ಕು ದಿನದಲ್ಲಿ ವಾಸಿ ಮಾಡುತ್ತೇನೆ ಎನ್ನುವವರು ಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಇದು ಬೆರೆತಿರುವುದುಂಟು. ಚರ್ಮ ಮ್ಯಾಜಿಕ್ ಆದಂತೆ ತಿಳಿಯಾಗುತ್ತದೆ. ನಿಲ್ಲಿಸಿದ ಮೇಲೆ ಮೊದಲಿಗಿಂತ ದುಪ್ಪಟ್ಟಾಗಿ ಮರಳುತ್ತದೆ, ಕೆಲವೊಮ್ಮೆ ಮೈಯೆಲ್ಲ ಕೆಂಪಾಗಿ ಕೀವಿನ ಸಣ್ಣ ಗುಳ್ಳೆಗಳೇಳುತ್ತವೆ. ಅಂಥ ಒಬ್ಬ ಹೆಂಗಸು ಜ್ವರದಿಂದ ನಡುಗುತ್ತ ನಮ್ಮಲ್ಲಿ ದಾಖಲಾಗಿದ್ದರು, ಹಾಸಿಗೆಯ ಬಟ್ಟೆ ತಾಗಿದರೂ ಉರಿ ಎನ್ನುತ್ತಿದ್ದರು. ಅವರಿಗೆ ಮೊದಲು ಇದ್ದದ್ದು ಮೊಣಕಾಲಿನ ಮೇಲೆ ಅಂಗೈಯಗಲದ ಒಂದು ಮಚ್ಚೆ. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್ ಮುಲಾಮಿನ ವಿಷಯ ಬೇರೆ, ವೈದ್ಯರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಅದು ಒಳ್ಳೆಯ ಔಷಧಿಯೇ. ನೆಟ್ಟಗಾಯಿತಲ್ಲ ಎಂದು ಚೀಟಿಯಿಲ್ಲದೆ ತಿಂಗಳುಗಟ್ಟಲೆ ಕೊಂಡು ಹಚ್ಚುವುದು ಬೇಡ.

ಚಿಂತೆಯಿಂದ ಬಂತೇ ಎಂದು ಚಿಕ್ಕಮ್ಮ ಕೇಳಿದ್ದಾರೆ. ಚಿಂತೆ ಇದನ್ನು ಕೆರಳಿಸುತ್ತದೆ ಎಂದು ಬಹಳ ರೋಗಿಗಳು ಹೇಳುತ್ತಾರೆ, ನಾನೂ ಪರೀಕ್ಷೆಯ ತಿಂಗಳುಗಳಲ್ಲಿ ಹುಡುಗರು ಹೆಚ್ಚಾಗಿ ಬರುವುದನ್ನು ನೋಡಿದ್ದೇನೆ. ಆದರೆ ಕಾಯಿಲೆಯೇ ಚಿಂತೆ ತರುತ್ತದೆ, ಆ ಚಿಂತೆಯಿಂದ ಕಾಯಿಲೆ ಹೆಚ್ಚುತ್ತದೆ, ಎಲ್ಲಿಂದ ಶುರುವಾಯಿತು ಎಂದು ಹೇಳುವುದು ಕಷ್ಟ. ಹಾಗಾಗಿ ಚಿಂತೆ ಮಾಡಬೇಡ ಎಂದು ಹುಡುಗನಿಗೆ ದಿನಕ್ಕೆ ಹತ್ತು ಸಲ ಹೇಳುವುದರಿಂದ ಪ್ರಯೋಜನವಿಲ್ಲ. ನಿದ್ದೆ ಸರಿಯಾಗಿ ಆಗಲಿ. ಮೊಬೈಲಿನ ಬಗ್ಗೆ ರವಿ ಹೇಳಿದ್ದರಲ್ಲಿ ಅಷ್ಟು ಮಾತ್ರ ಹುರುಳಿದೆ.

ಸಿಗರೇಟು ಮತ್ತು ಮದ್ಯ ಎರಡೂ ಸೋರಿಯಾಸಿಸ್‌ಗೆ ಶತ್ರುಗಳು. ಸೇದುವವರಿಗೆ ಬರುವ ಸಾಧ್ಯತೆಯೂ ಹೆಚ್ಚು, ಬಂದದ್ದು ಬಲವಾಗುವುದೂ ಹೆಚ್ಚು. ಮದ್ಯ ಕುಡಿಯುವವರಿಗೆ ಚಿಕಿತ್ಸೆಯೂ ಸರಿಯಾಗಿ ಹತ್ತುವುದಿಲ್ಲ, ಮೆಥೊಟ್ರೆಕ್ಸೇಟ್‌ನಂಥ ಮಾತ್ರೆ ಬೇಕಾದರೆ ಯಕೃತ್ತಿನ ಭಯ ಬೇರೆ. ಮೈತೂಕವೂ ಲೆಕ್ಕಕ್ಕೆ ಬರುತ್ತದೆ, ಕೊಬ್ಬಿನ ಅಂಗಾಂಶವೇ ಉರಿಯೂತದ ಸಂಕೇತಗಳನ್ನು ಹೊರಡಿಸುತ್ತದೆ. ತೂಕ ಹೆಚ್ಚಿರುವವರು ಇಳಿಸಿದರೆ ಚರ್ಮವೂ ಸುಧಾರಿಸುವುದುಂಟು. ಆಹಾರದ ಬಗ್ಗೆ ಮಾತ್ರ ಗುಂಪಿನಲ್ಲಿ ಬಂದ ನಿಷೇಧಗಳ ಪಟ್ಟಿ ನೋಡಿ ನಗು ಬಂತು. ಅದನ್ನೆಲ್ಲ ಪಾಲಿಸಿದರೆ ಹುಡುಗನಿಗೆ ಉಳಿಯುವುದು ನೀರು ಮಾತ್ರ. ಎಲ್ಲರಿಗೂ ಸೋರಿಯಾಸಿಸ್ ತರುವ ಒಂದು ಪದಾರ್ಥ ಎಂಬುದು ಇಲ್ಲ. ಯಾವುದಾದರೂ ಒಂದನ್ನು ತಿಂದಾಗಲೆಲ್ಲ ಹೆಚ್ಚುತ್ತದೆ ಎಂದು ಅವನಿಗೇ ಅನ್ನಿಸಿದರೆ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಲಿ.

ಬರೆದಿಡುವುದು ನಿಜವಾಗಿಯೂ ಒಳ್ಳೆಯದು, ಸುಮಾ. ದಿನಚರಿಯಷ್ಟು ದೊಡ್ಡದು ಬೇಡ. ಮಚ್ಚೆ ಹೆಚ್ಚಾದ ವಾರ ಯಾವುದು, ಅದಕ್ಕೆ ಮುಂಚಿನ ಮೂರು ವಾರಗಳಲ್ಲಿ ಜ್ವರ, ಗಾಯ, ಹೊಸ ಮಾತ್ರೆ, ನಿದ್ದೆಗೆಟ್ಟದ್ದು ಏನಾದರೂ ಇತ್ತೇ, ಅಷ್ಟು ಸಾಕು. ಹಿಂದಿನ ದಿನದ ಊಟವನ್ನಷ್ಟೇ ಹುಡುಕಿದರೆ ಏನೂ ಸಿಗುವುದಿಲ್ಲ, ಕೆರಳಿಸಿದ ಸಂಗತಿ ಎಷ್ಟೋ ಸಲ ವಾರಗಳ ಹಿಂದೆಯೇ ನಡೆದಿರುತ್ತದೆ. ಜೊತೆಗೆ ಬೆಳಿಗ್ಗೆ ಏಳುವಾಗ ಬೆರಳುಗಳು ಬಿಗಿದುಕೊಳ್ಳುತ್ತವೆಯೇ, ಹಿಮ್ಮಡಿ ನೋಯುತ್ತದೆಯೇ, ಒಂದು ಬೆರಳು ಇಡಿಯಾಗಿ ಊದುತ್ತದೆಯೇ, ಉಗುರಿನಲ್ಲಿ ಸೂಜಿ ಚುಚ್ಚಿದಂಥ ಗುಳಿಗಳಿವೆಯೇ ಎಂದು ಆಗಾಗ ನೋಡುತ್ತಿರು. ಇದು ಕೀಲುಗಳಿಗೂ ಇಳಿಯುವುದುಂಟು, ಬೇಗ ಗೊತ್ತಾದಷ್ಟೂ ಕೀಲು ಉಳಿಯುತ್ತದೆ. ಚಿಕ್ಕಪ್ಪ, ಈ ಪ್ರಶ್ನೆಗಳು ನಿಮಗೂ ಅನ್ವಯಿಸುತ್ತವೆ. ನಿಮ್ಮ ಈಗಿನ ಮಾತ್ರೆಗಳ ಹಾಳೆಯ ಫೋಟೋ ತೆಗೆದು ನನಗೆ ಪ್ರತ್ಯೇಕವಾಗಿ ಕಳುಹಿಸಿ, ಇಲ್ಲಿ ಹಾಕಬೇಡಿ. ಅದು ಯಾವ ಗುಂಪಿನ ಮಾತ್ರೆ ಎಂದು ನೋಡಿ, ವೈದ್ಯರನ್ನು ಏನು ಕೇಳಬೇಕೆಂದು ರಾತ್ರಿ ಫೋನ್ ಮಾಡಿ ಹೇಳುತ್ತೇನೆ.