ಡೀಸೆಲ್ ಬಿದ್ದ ಮಣ್ಣಿನಲ್ಲಿ ಚಿಪ್ಪಣಬೆಯ ಎಳೆಗಳು ಒಂದೇ ಬದಿಯಲ್ಲಿ ಸಾಯುತ್ತಿವೆ

ಪೆರ್ಲದ ತೋಟಿಗ: ಪಂಪುಶೆಡ್ಡಿನ ಬಾಗಿಲಲ್ಲಿ ಹತ್ತು ಲೀಟರಿನಷ್ಟು ಡೀಸೆಲ್ ಚೆಲ್ಲಿತ್ತು. ಅಲ್ಲಿನ ಮಣ್ಣನ್ನು ಗೋಡೆಯ ಬುಡದವರೆಗೂ ಅಗೆದು, ಅಣಬೆ ಎಳೆಗಳು ಎಣ್ಣೆಯನ್ನು ಒಡೆಯಲೆಂದು ಕೊಯ್ಲು ಮುಗಿದ ಚಿಪ್ಪಣಬೆ ಚೀಲಗಳ ಬೈಹುಲ್ಲನ್ನು ಬೆರೆಸಿ ಅಲ್ಲಿಯೇ ರಾಶಿ ಹಾಕಿದೆ. ಐದು ದಿನ ಬಿಳಿ ಎಳೆಗಳು ಚೆನ್ನಾಗಿ ಹಬ್ಬಿದವು. ಆಮೇಲೆ ಗೋಡೆಯ ಬದಿ ಮಾತ್ರ ಕಂದಿ, ಹಸಿರು ಬೂಷ್ಟು ಬಂದಿದೆ. ಡೀಸೆಲೇ ಕೊಂದಿತೇ? ಚಿತ್ರ ಹಾಕಿದ್ದೇನೆ.

ಮುಳ್ಳೇರಿಯದ ಅಣಬೆ ಬೆಳೆಗಾರ: ತೋಟಿಗರೇ, ಡೀಸೆಲ್ ಕಾರಣವಾಗಿದ್ದರೆ ಚೆಲ್ಲಿದ ಬಾಗಿಲ ಬದಿಯೇ ಮೊದಲು ಸಾಯಬೇಕಿತ್ತು. ಚಿತ್ರದಲ್ಲಿ ಗೋಡೆಯ ಬುಡಕ್ಕೆ ನೀಲಿ ಕಲೆ ಕಾಣುತ್ತದೆ. ಮೈಲುತುತ್ತು, ಸುಣ್ಣ ಕಲಸುವ ಬೋರ್ಡೋ ದ್ರಾವಣದ ಡ್ರಮ್ಮನ್ನು ಅಲ್ಲಿ ತೊಳೆಯುತ್ತೀರಾ? ಅಡಿಕೆಯ ಕೊಳೆರೋಗದ ಶಿಲೀಂಧ್ರದಂಥ ಜೀವಿಯನ್ನು ಕೊಲ್ಲಲೆಂದೇ ಬಿಡುವ ಮೈಲುತುತ್ತಿನ ತಾಮ್ರ ನಿಮ್ಮ ಅಣಬೆಯನ್ನು ಬಿಟ್ಟೀತೇ? ಹಸಿರು ಬೂಷ್ಟು ಬಹುಶಃ ಟ್ರೈಕೋಡರ್ಮಾ, ಸೋತ ಜಾಗಕ್ಕೆ ನುಗ್ಗಿದ್ದು.

ಚಿಪ್ಪಣಬೆಯ ಊಟ ಹುಲ್ಲು, ಡೀಸೆಲ್ ಅಲ್ಲ. ಹುಲ್ಲನ್ನು ಗಟ್ಟಿಯಾಗಿಸುವ ಲಿಗ್ನಿನ್ ಎಂಬ ಪದಾರ್ಥವನ್ನು ಮುರಿಯಲು ಎಳೆಗಳು ಲ್ಯಾಕೇಸ್, ಪೆರಾಕ್ಸಿಡೇಸ್ ಮೊದಲಾದ ಕಿಣ್ವಗಳನ್ನು ಹೊರಗೆ ಸ್ರವಿಸುತ್ತವೆ. ಲಿಗ್ನಿನ್‌ಗೆ ಅಚ್ಚುಕಟ್ಟಾದ ಒಂದೇ ರಚನೆಯಿಲ್ಲದ ಕಾರಣ ಈ ಕಿಣ್ವಗಳೂ ಅಷ್ಟೇನೂ ಆರಿಸದೆ, ಅದನ್ನು ಹೋಲುವ ಉಂಗುರದ ಅಣುಗಳನ್ನು ಸಿಕ್ಕಲ್ಲಿ ಒಡೆಯುತ್ತವೆ. ಚಿಪ್ಪಣಬೆಯಂತೆಯೇ ಲಿಗ್ನಿನ್ ಒಡೆಯುವ ಫನೆರೋಕೀಟ್ ಕ್ರೈಸೋಸ್ಪೋರಿಯಂ ಎಂಬ ಬಿಳಿ ಕೊಳೆ ಶಿಲೀಂಧ್ರವು ಡಿಡಿಟಿ, ಲಿಂಡೇನ್ ಕೀಟನಾಶಕಗಳನ್ನು ಒಡೆಯುತ್ತದೆಂದು ಅಮೆರಿಕದ ಸಂಶೋಧಕರು 1985ರಲ್ಲಿ ತೋರಿಸಿದರು. ತಾಮ್ರವಾದರೋ ಮೂಲಧಾತು, ಅದನ್ನು ಯಾವ ಕಿಣ್ವವೂ ಒಡೆಯಲಾರದು. (ಲ್ಯಾಕೇಸ್‌ನೊಳಗೇ ನಾಲ್ಕು ತಾಮ್ರದ ಪರಮಾಣುಗಳಿವೆ ಎಂಬುದು ಬೇರೆ ಮಾತು, ಚಿಟಿಕೆ ಬೇಕು, ಬೊಗಸೆ ವಿಷ.)

ಎಣ್ಮಕಜೆಯ ಓದುಗ: ಎಂಡೋಸಲ್ಫಾನ್ ಕೀಟನಾಶಕಕ್ಕೂ ಈ ಉಪಾಯ ಆದೀತೇ?

ಮುಳ್ಳೇರಿಯದ ಅಣಬೆ ಬೆಳೆಗಾರ: ಪ್ರಯೋಗಾಲಯದಲ್ಲಿ ಆಗಿದೆ, ಆದರೆ ದಾರಿ ಎರಡು. ನೀರು ಸೇರಿ ಒಡೆದರೆ ವಿಷ ಇಳಿದ ಡಯೋಲ್ ಸಿಗುತ್ತದೆ. ಆಮ್ಲಜನಕ ಸೇರಿದರೆ ಸಿಗುವ ಎಂಡೋಸಲ್ಫಾನ್ ಸಲ್ಫೇಟ್ ವಿಷದಲ್ಲಿ ಮೂಲದ ಜೋಡಿಯೇ, ಮಣ್ಣಿನಲ್ಲಿ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಎಂಡೋಸಲ್ಫಾನ್ ಇಳಿಯಿತೆಂಬ ವರದಿಯೊಂದೇ ಸಾಲದು, ಸಲ್ಫೇಟನ್ನೂ ಅಳೆಸಬೇಕು.

ಪೆರ್ಲದ ತೋಟಿಗ: ನಿಮ್ಮ ಊಹೆ ನಿಜ, ತಂದೆಯವರ ಕಾಲದಿಂದ ಡ್ರಮ್ಮು ಅಲ್ಲಿಯೇ ತೊಳೆಯುವುದು. ಬಾಗಿಲ ಬದಿಯ ಮಣ್ಣನ್ನಷ್ಟೇ ಬೇರೆಡೆ ಹಾಕಿ ಇಪ್ಪತ್ತು ದಿನವಾಯಿತು. ಎಳೆ ಗಟ್ಟಿಯಾಗಿ ಹಿಡಿದಿದೆ, ವಾಸನೆಯೂ ಹೋಗಿದೆ, ಅಂಚಿನಲ್ಲಿ ಮೂರು ಅಣಬೆ ಎದ್ದಿವೆ. ಪದಾರ್ಥ ಮಾಡಬಹುದೇ?

ಮುಳ್ಳೇರಿಯದ ಅಣಬೆ ಬೆಳೆಗಾರ: ಖಂಡಿತ ಬೇಡ, ಕಿತ್ತು ರಾಶಿಯೊಳಗೇ ಹೂತುಬಿಡಿ. ವಾಸನೆ ಹೋಗಿದ್ದು ಹಗುರ ಭಾಗ ಆವಿಯಾದದ್ದಕ್ಕೂ ಇರಬಹುದು. ಡೀಸೆಲಿನ ಉದ್ದ ಸರಪಣಿಯ ಅಣುಗಳನ್ನು ಹೆಚ್ಚಾಗಿ ಬ್ಯಾಕ್ಟೀರಿಯಾಗಳೇ ತಿನ್ನುತ್ತವೆ. ಅವಕ್ಕೆ ಗಾಳಿ ಬೇಕಾದ್ದರಿಂದ ಇನ್ನು ರಾಶಿಯನ್ನು ಮಗುಚಿ, ಮಳೆನೀರು ಬೀಳದಂತೆ ಅಡಿಕೆ ಹಾಳೆ ಮುಚ್ಚಿಡಿ. ನೀಲಿ ಮಣ್ಣನ್ನು ತೋಟಕ್ಕೆ ಹಾಕಬೇಡಿ.