ಹೊಲದ ತೊಗರಿನೇ ಬೀಜಕ್ಕ ಇಡೋದು ಹ್ಯಾಂಗ್ರಿ?

ಆಳಂದ_ಹೊಲ:
ಟಿಎಸ್-3ಆರ್ ಅನ್ನೋ ಕೆಂಪು ತೊಗರಿ ತಳಿ, 4 ಎಕರೆ, ಈಗ ಹೂ ಬಿಡ್ಲಿಕ್ಕತ್ತದ. ಬೀಜ ಕೊಳ್ಳೋದು ಬಿಟ್ಟು ಇದರಾಗಿಂದೇ ಇಡಬೇಕಂತ ವಿಚಾರ. ಬಾಜೂ ಹೊಲದಾಗ ಬಿಳಿ ತೊಗರಿ ಅದ, ನಡುವ ಬರೇ ಒಂದು ಬದು. ರಾಶಿ ಆದಮ್ಯಾಲೆ ಬಿಳಿ ಕಾಳು ಆರಿಸಿ ತಗದ್ರ ಸಾಕಾ? ಮಶೀನಿಗೆ ಹಾಕಿದ್ದು ಬೀಜಕ್ಕ ನಡೀತದಾ? ಜೂನ್ ತನಕ ಹುಳ ಹತ್ತದಂಗ ಹ್ಯಾಂಗ ಇಡಬೇಕು?

ಕರಿಭೂಮಿ:
ಕಾಳು ಆರಿಸಿ ಉಪಯೋಗ ಇಲ್ರಿ. ಕಾಳಿನ ಸಿಪ್ಪಿ ತಾಯಿಗಿಡದ್ದು. ಜೇನುಹುಳ ಬಿಳಿ ತೊಗರಿ ಪರಾಗ ತಂದು ಹಾಕಿದ್ರೂ ಈ ವರ್ಷದ ಕಾಳು ಕೆಂಪೇ ಇರ್ತದ, ಬೆರಕಿ ಗೊತ್ತಾಗೋದು ಅದನ್ನ ಬಿತ್ತಿದಮ್ಯಾಲೆ. ಹಂಗಾಗಿ ಆರಿಸೋದು ಈಗ, ನಿಂತ ಬೆಳಿಯೊಳಗ.

ಪ್ರಮಾಣಿತ ಬೀಜಕ್ಕ 100 ಮೀಟರ್ ಅಂತರ ಕೇಳ್ತಾರ. ಆ ಬದುವಿನಿಂದ ಅತೀ ದೂರದ ಮೂಲಿ ಹಿಡೀರಿ. ಅಲ್ಲಿ ಹೂವಿನ ಬಣ್ಣ, ಎತ್ತರ, ಹೂ ಬಿಡೋ ಹೊತ್ತು ಬ್ಯಾರೆ ಇದ್ದ ಗಿಡ ಕಿತ್ತು ಒಗೀರಿ. ಟಿಎಸ್-3ಆರ್ ನೆಟೆ ರೋಗ ತಡಿಯೋ ತಳಿ. ಅದರಾಗೂ ಒಂದೊಂದು ಗಿಡ ಬಾಡಿದ್ರ ಬೆರಕಿ ಅಂತಲೇ ಅನುಮಾನ ಪಡ್ರಿ.

ಪಕ್ಕಾ ಬೀಜ ಬೇಕಂದ್ರ 10 ಗಿಡಕ್ಕ ಸೊಳ್ಳೆಪರದೆ ಕಟ್ರಿ. ಮೊದ್ಲು ಅರಳಿದ ಹೂ, ಕೂತ ಕಾಯಿ ಎಲ್ಲಾ ಕೀಳಬೇಕು, ಮೊಗ್ಗಷ್ಟೇ ಉಳೀಲಿ. ತೊಗರಿ ತನ್ನ ಪರಾಗದಿಂದಲೇ ಕಾಯಿ ಹಿಡೀತದ, ಜೇನು ಬೇಕಾಗಿಲ್ಲ. ಕಾಯಿಕೊರಕದ ತತ್ತಿ, ಮರಿ ಇಲ್ಲದ್ದು ನೋಡೇ ಕಟ್ರಿ. ಪರದೆಯೊಳಗ ಸಿಕ್ಕ ಹುಳ ಹಕ್ಕಿ ಬಾಯಿಗೆ ಬೀಳೂದಿಲ್ಲ, ಆರಾಮ್ ತಿಂತದ.

ಭಾಲ್ಕಿ_ಬಿತ್ತನೆ:
ಬೀಜಕ್ಕ ಮಶೀನು ಬ್ಯಾಡ್ರಿ. ಸೀಳಿದ ಕಾಳು ಕಣ್ಣಿಗೆ ಕಾಣ್ತಾವ, ಆದ್ರ ಮೊಳಕೆ ಭಾಗಕ್ಕ ಒಳಪೆಟ್ಟು ಬಿದ್ದದ್ದು ಕಾಣೂದಿಲ್ಲ. ಬೀಜದ ಗಿಡ ಬ್ಯಾರೆ ಕೊಯ್ದು ತಾಡಪತ್ರಿ ಮ್ಯಾಲೆ ಬಡಿಗಿಲೆ ಬಡೀರಿ. 4 ಎಕರೆಗೆ 20 ಕೆಜಿ ಬೇಕು, 30 ಕೆಜಿ ಇಟ್ಕೋರಿ.

ಇಟ್ಟ ಕಾಳಿಗೆ ಹತ್ತೋ ಹುಳ ಹೊಲದಿಂದಲೇ ಬರ್ತದ. ಒಣಗಿದ ಕಾಯಿ ಮ್ಯಾಲೆ ತತ್ತಿ ಇಡ್ತದ, ಅದಕ್ಕ ಕಾಯಿ ಒಣಗಿದಮ್ಯಾಲೆ ಗಿಡ ನಿಲ್ಲಿಸಬ್ಯಾಡ್ರಿ. ಕಾಳಿಗೆ ಸೂಜಿಮೊನಿಯಷ್ಟು ಬಿಳಿ ಚುಕ್ಕಿ ಅಂಟಿದ್ರ ಅದೇ ತತ್ತಿ. ಮರಿ ಅಲ್ಲಿಂದ ಸೀದಾ ಕಾಳಿನೊಳಗ ಇಳೀತದ. ದುಂಡನೆ ತೂತು ಕಂಡಾಗ ಹುಳ ಹೊರಗ ಬಿದ್ದಾಗಿರ್ತದ.

ತೇವ ಶೇ 9ರ ಕೆಳಗ ಬರೋತನಕ ಒಣಗಿಸ್ರಿ. ಹಲ್ಲಿಲೆ ಕಡದ್ರ ಕಟ್ ಅನ್ನಬೇಕು. ಬ್ಯಾಸಿಗ್ಯಾಗ ಮತ್ತೊಮ್ಮಿ ಬಿಸಿಲಿಗೆ ಹಾಕೋದಾದ್ರ ಶಹಾಬಾದ್ ಫರ್ಸಿ ಮ್ಯಾಲೆ ನೇರ ಹರವಬ್ಯಾಡ್ರಿ, ಮಧ್ಯಾಹ್ನದ ಕಾವಿಗೆ ಮೊಳಕೆ ಸಾಯ್ತದ. ರಾತ್ರಿ ಆರಲಿಕ್ಕೆ ಬಿಟ್ಟೇ ತುಂಬ್ರಿ, ಬಿಸಿ ಕಾಳು ಡಬ್ಬಿಯೊಳಗ ಬೆವರ್ತಾವ. ಕೆಜಿಗೆ 5 ಮಿಲಿ ಬೇವಿನೆಣ್ಣಿ ಸವರಿ, ಗಾಳಿ ಹೋಗದ ಡ್ರಮ್ಮಿಗೆ ಬಾಯಿತನಕ ತುಂಬ್ರಿ. ಹಸಿ ಬೇವಿನ ಸೊಪ್ಪು ಹಾಕೋ ರೂಢಿ ಅದ, ಅದು ತೇವ ಏರಸ್ತದ.

ಆಳಂದ_ಹೊಲ:
ಎಣ್ಣಿಯಿಂದ ಮೊಳಕೆಗೆ ಪೆಟ್ಟಿಲ್ಲಾ?

ಭಾಲ್ಕಿ_ಬಿತ್ತನೆ:
5 ಮಿಲಿ ದಾಟಿಸದಿದ್ರ ಚಿಂತಿಲ್ಲ. ಹಂಗೂ ಮೇ ಕೊನೀಗೆ 100 ಕಾಳು ಒದ್ದಿ ಅರಿವ್ಯಾಗ ಸುತ್ತಿ 6 ದಿನ ಇಟ್ಟು ನೋಡ್ರಿ. 75 ಮೊಳೆತ್ರ ಬಿತ್ರಿ. 60ರಿಂದ 75 ಇದ್ರ ಎಕರೆಗೆ ಒಂದು ಕೆಜಿ ಹೆಚ್ಚಿಗಿ ಹಾಕ್ರಿ. 60ರ ಕೆಳಗಿದ್ರ ಬ್ಯಾರೆ ಬೀಜ ತರ್ರಿ. ಉಳಿದದ್ದು ಬ್ಯಾಳಿ ಮಾಡಿಸೋ ವಿಚಾರ ಇದ್ರ ಬೇವಿನ ಬದಲಿ ಶೇಂಗಾ ಎಣ್ಣಿ ಸವರ್ರಿ, ಬೇವಿನ ಕಹಿ ಬ್ಯಾಳಿಗೂ ಹಿಡೀತದ.